ರೆಕಾರ್ಡ್‌ನಿಂದ ಕಂಪ್ಯೂಟರ್‌ಗೆ: ಸದ್ದು ಕೆಟ್ಟಿದ್ದರೆ ದೋಷ ಹುಡುಕುವ ಬಗೆ

ಹಳೆಯ ಗ್ರಾಮಫೋನ್ ರೆಕಾರ್ಡ್‌ಗಳನ್ನು ಕಂಪ್ಯೂಟರ್‌ಗೆ ಇಳಿಸಲು ಕೂತವರಿಗೆ ಮೊದಲ ದಿನವೇ ಎದುರಾಗುವ ತೊಂದರೆ ಹೆಚ್ಚಾಗಿ ಹೀಗಿರುತ್ತದೆ. ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಸರಿಯಾಗಿ ತಿರುಗುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಸದ್ದಿನ ಅಲೆ ಓಡುತ್ತದೆ. ಫೈಲ್ ಕೂಡ ಸೇವ್ ಆಗುತ್ತದೆ. ಹಾಕಿ ಕೇಳಿದರೆ ಮಾತ್ರ ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು. ಇಲ್ಲವೇ ನಡುನಡುವೆ ಚಟ್ ಚಟ್. ಇಲ್ಲವೇ ಗಾಯಕರ ಧ್ವನಿಯೇ ಯಾಕೋ ಬೇರೆ.

ಆಗ ಕೈ ನೇರವಾಗಿ ಹೋಗುವುದು ನಾಯ್ಸ್ ರಿಡಕ್ಷನ್ ಅನ್ನುವ, ಗದ್ದಲ ತೆಗೆಯುವ ಫಿಲ್ಟರ್ ಕಡೆಗೆ. ದಯವಿಟ್ಟು ಬೇಡ. ಅದು ಸೋರುವ ಹಂಚನ್ನು ಹಾಗೇ ಬಿಟ್ಟು ಗೋಡೆಗೆ ಸುಣ್ಣ ಬಳಿದ ಹಾಗೆ. ದೋಷ ಎಲ್ಲಿ ಹುಟ್ಟುತ್ತಿದೆ ಅಂತ ಹುಡುಕಿ ಅಲ್ಲೇ ಸರಿಮಾಡಿದರೆ ಫಿಲ್ಟರ್‌ಗೆ ಹೆಚ್ಚು ಕೆಲಸವೇ ಉಳಿಯುವುದಿಲ್ಲ. ಹುಡುಕಲು ದುಬಾರಿ ಸಾಧನವೂ ಬೇಡ. ಬೇಡದ ಸದ್ದಿನ ಎರಡು ಗುಣ ನೋಡಿದರೆ ಸಾಕು: ಅದು ಎಷ್ಟು ಹರ್ಟ್ಜ್‌ನಲ್ಲಿದೆ (ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ), ಎಷ್ಟು ಹೊತ್ತಿಗೊಮ್ಮೆ ಮರಳಿ ಬರುತ್ತದೆ. ಎರಡನ್ನೂ ಆಡಾಸಿಟಿಯಲ್ಲೇ ಅಳೆಯಬಹುದು.

ಮೊದಲು ಹಾಡಿಲ್ಲದ ಸದ್ದನ್ನು ರೆಕಾರ್ಡ್ ಮಾಡಿ

ಸದ್ದು ಸೂಜಿಯಿಂದ ಹೊರಟು ಕಾರ್ಟ್ರಿಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ ಮಾಡುವ ಭಾಗ), ಟೋನ್ ಆರ್ಮ್ (ಸೂಜಿ ಹಿಡಿದ ತೋಳು) ತಂತಿ, ಫೋನೊ ಪ್ರಿಆಂಪ್ (ಆ ಸಣ್ಣ ಸದ್ದನ್ನು ಹಿಗ್ಗಿಸುವ ಸಾಧನ), ಆಡಿಯೊ ಇಂಟರ್‌ಫೇಸ್ (ಸದ್ದನ್ನು ಡಿಜಿಟಲ್ ಮಾಡುವ ಪೆಟ್ಟಿಗೆ) ದಾಟಿ ಕಂಪ್ಯೂಟರ್ ಸೇರುತ್ತದೆ. ಯುಎಸ್‌ಬಿ ಟರ್ನ್‌ಟೇಬಲ್‌ನಲ್ಲಿ ಇವೆಲ್ಲ ಒಂದೇ ಪೆಟ್ಟಿಗೆಯೊಳಗೆ ಇರುತ್ತವೆ, ಅಷ್ಟೇ ವ್ಯತ್ಯಾಸ. ದೋಷ ಯಾವ ಹಂತದಲ್ಲಿ ಸೇರಿಕೊಳ್ಳುತ್ತಿದೆ ಅಂತ ತಿಳಿಯಲು ಹಿಂದಿನಿಂದ ಮುಂದಕ್ಕೆ ಬನ್ನಿ.

ಮೊದಲು ಟರ್ನ್‌ಟೇಬಲ್‌ನ ಕೇಬಲನ್ನು ಇಂಟರ್‌ಫೇಸ್‌ನಿಂದ ಕಿತ್ತು, ಅರ್ಧ ನಿಮಿಷ ಖಾಲಿ ರೆಕಾರ್ಡ್ ಮಾಡಿ. ಆಮೇಲೆ ಕೇಬಲ್ ಸಿಕ್ಕಿಸಿ, ಮೋಟರ್ ಆಫ್ ಇಟ್ಟು, ಸೂಜಿ ಎತ್ತಿಟ್ಟು ಇನ್ನರ್ಧ ನಿಮಿಷ. ನಂತರ ಮೋಟರ್ ಓಡಿಸಿ, ಸೂಜಿ ಎತ್ತಿದಂತೆಯೇ ಇಟ್ಟು. ಕೊನೆಗೆ ಹಾಡು ಶುರುವಾಗುವ ಮುಂಚಿನ ಖಾಲಿ ಗ್ರೂವ್‌ನಲ್ಲಿ (ಸೂಜಿ ಓಡುವ ತೋಡಿನಲ್ಲಿ) ಸೂಜಿ ಇಳಿಸಿ. ವಾಲ್ಯೂಮ್ ಮಟ್ಟವನ್ನು ನಾಲ್ಕರಲ್ಲೂ ಮುಟ್ಟಬೇಡಿ.

ಈಗ ನಾಲ್ಕನ್ನೂ ಹೆಡ್‌ಫೋನ್ ಹಾಕಿ ಕೇಳಿ. ಮೊದಲನೆಯದರಲ್ಲೇ ಸದ್ದಿದ್ದರೆ ದೋಷ ಕಂಪ್ಯೂಟರ್ ಕಡೆಯದು. ಕೇಬಲ್ ಸಿಕ್ಕಿಸಿದ ಮೇಲೆ ಬಂದರೆ ಗ್ರೌಂಡ್ ಅಥವಾ ವೈರಿಂಗ್. ಮೋಟರ್ ಓಡಿದಾಗ ಮಾತ್ರ ಬಂದರೆ ಮೋಟರ್. ಸೂಜಿ ಇಳಿಸಿದ ಮೇಲೆಯೇ ಬಂದರೆ ರೆಕಾರ್ಡ್, ಸೂಜಿ, ಇಲ್ಲವೇ ಬೇರಿಂಗ್. ಯುಎಸ್‌ಬಿ ಟರ್ನ್‌ಟೇಬಲ್‌ನಲ್ಲಿ ಮೊದಲ ಹಂತ ಮಾಡಲಾಗದು, ಉಳಿದ ಮೂರು ಮಾಡಬಹುದು.

ಒಂದು ವೇಳೆ ಗೆರೆ ಪೂರ್ತಿ ಸಪಾಟಾಗಿ, ಸೂಜಿ ಇಳಿಸಿದರೂ ಅಲುಗದೆ ಇದ್ದರೆ ಅದು ಆಡಿಯೊ ದೋಷವೇ ಅಲ್ಲದಿರಬಹುದು. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಮೈಕ್ರೊಫೋನ್ ಅನುಮತಿ ಅಂತ ಇರುತ್ತದೆ. ಆಡಾಸಿಟಿಗೆ ಆ ಅನುಮತಿ ಇಲ್ಲದಿದ್ದರೆ ಟರ್ನ್‌ಟೇಬಲ್‌ನ ಸದ್ದೂ ಒಳಗೆ ಬರುವುದಿಲ್ಲ.

ಗುಂಯ್ ಅನ್ನುವ ಸದ್ದು

ಸದ್ದಿರುವ ಭಾಗವನ್ನು ಆಯ್ಕೆ ಮಾಡಿ, ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಂ ತೆರೆಯಿರಿ. ಸೈಜ್ ಅನ್ನು 65536ಕ್ಕೆ ಏರಿಸಿ. ಈಗ ಮೊನೆಯಂತೆ ಎದ್ದು ನಿಂತ ಜಾಗ ಎಷ್ಟು ಹರ್ಟ್ಜ್‌ನಲ್ಲಿದೆ ನೋಡಿ.

50 ಹರ್ಟ್ಜ್ ಆದರೆ ಅದು ನಮ್ಮ ಮನೆಯ ಕರೆಂಟಿನದೇ. ಗ್ರೌಂಡ್ ತಂತಿ ಕೂತಿಲ್ಲ, ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್, ಮೋಟರ್‌ನಿಂದ ಕಾರ್ಟ್ರಿಜ್‌ನ ಸುರುಳಿ ಅದನ್ನು ಹೀರಿಕೊಳ್ಳುತ್ತಿದೆ. 100, 200, 300 ಹೀಗೆ ಮೇಲಕ್ಕೂ ಮೊನೆಗಳಿದ್ದು, ಸದ್ದು ಜುಂಯ್ ಅಂತ ಚೂಪಾಗಿದ್ದರೆ ಅಡಾಪ್ಟರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಡಿಮ್ಮರ್ ಅಥವಾ ಚೌಕಾಕಾರದ ಅಲೆ ಕೊಡುವ ಹಳೆಯ ಇನ್ವರ್ಟರ್ ಕಡೆ ನೋಡಿ. ಫ್ಯಾನ್ ಆಫ್ ಮಾಡಿ ಕೇಳುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿರುವಾಗ ರೆಕಾರ್ಡ್ ಮಾಡಲೇಬೇಡಿ.

1000 ಹರ್ಟ್ಜ್‌ನಲ್ಲಿ ಮೊನೆ ಇದ್ದು, 2000, 3000ದಲ್ಲೂ ಇದ್ದರೆ ಅದು ಯುಎಸ್‌ಬಿಯ ಸದ್ದು. ಸಾಮಾನ್ಯ ಯುಎಸ್‌ಬಿ ಆಡಿಯೊ ಸಾಧನಗಳು ಕಂಪ್ಯೂಟರ್ ಜೊತೆ ಒಂದು ಮಿಲಿಸೆಕೆಂಡಿಗೊಮ್ಮೆ ಮಾತಾಡುತ್ತವೆ, ಅಂದರೆ ಸೆಕೆಂಡಿಗೆ 1000 ಸಲ. ಆ ಬಡಿತ ವಿದ್ಯುತ್ ದಾರಿಯಲ್ಲಿ ನುಸುಳಿ ಸಣ್ಣ ಸಿಳ್ಳೆಯಾಗಿ ಕೇಳುತ್ತದೆ. ಪೋರ್ಟ್ ಬದಲಿಸಿ, ಗಿಡ್ಡ ಕೇಬಲ್ ಹಾಕಿ, ಅಥವಾ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಜೋಡಿಸಿ ನೋಡಿ.

50 ಹರ್ಟ್ಜ್ ಯಾಕೆ ಇಷ್ಟು ಕಾಡುತ್ತದೆ ಅಂತ ತಿಳಿದರೆ ಪರಿಹಾರ ಹುಡುಕುವುದು ಸುಲಭ. ಸಾಮಾನ್ಯವಾಗಿ ಕಾಣುವ ಮೂವಿಂಗ್ ಮ್ಯಾಗ್ನೆಟ್ ಬಗೆಯ ಕಾರ್ಟ್ರಿಜ್‌ನಿಂದ ಬರುವುದು ಬರೀ 3ರಿಂದ 5 ಮಿಲಿವೋಲ್ಟ್. ಲೈನ್ ಮಟ್ಟಕ್ಕೆ, ಅಂದರೆ ಇಂಟರ್‌ಫೇಸ್‌ಗೆ ಕೊಡಬಹುದಾದ ಮಟ್ಟಕ್ಕೆ ತರಲು ಪ್ರಿಆಂಪ್ ಅದನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. ಇದರ ಮೇಲೆ ಪ್ರಿಆಂಪ್‌ನ ಆರ್‌ಐಎಎ ಈಕ್ವಲೈಜೇಷನ್ (ಇದರ ವಿವರ ಮುಂದಿದೆ) ಕೆಳಸ್ವರಗಳನ್ನು ಇನ್ನೂ ಎತ್ತುತ್ತದೆ. 50 ಹರ್ಟ್ಜ್‌ನಲ್ಲಿ ಅದು ಸುಮಾರು 17 ಡೆಸಿಬೆಲ್, ಅಂದರೆ ಮತ್ತೆ ಏಳು ಪಟ್ಟು. ಹೀಗಾಗಿ ಕಾರ್ಟ್ರಿಜ್ ಹತ್ತಿರ ಕೂದಲೆಳೆಯಷ್ಟು ಹಮ್ (ಅದೇ ಗುಂಯ್ ಸದ್ದು) ಸೇರಿದರೂ ಏಳುನೂರು ಪಟ್ಟು ಬೆಳೆದು ಬರುತ್ತದೆ. ಆದ್ದರಿಂದ ಗ್ರೌಂಡ್ ತಂತಿ ಅನ್ನುವುದು ಬೇಕಾದರೆ ಹಾಕುವ, ಬೇಡವಾದರೆ ಬಿಡುವ ತಂತಿ ಅಲ್ಲ. ಟರ್ನ್‌ಟೇಬಲ್‌ನ ಹಿಂದಿನಿಂದ ಬರುವ ಆ ಒಂಟಿ ತಂತಿಯನ್ನು ಪ್ರಿಆಂಪ್‌ನ ಗ್ರೌಂಡ್ ಸ್ಕ್ರೂಗೆ ಬಿಗಿಯಾಗಿ ಕಟ್ಟಿ. ತುಕ್ಕಿದ್ದರೆ ಉಜ್ಜಿ ತೆಗೆಯಿರಿ.

ಗ್ರೌಂಡ್ ಸರಿಯಿದೆಯೋ ಇಲ್ಲವೋ ತಿಳಿಯಲು ಸೂಜಿ ಎತ್ತಿಟ್ಟು ಟೋನ್ ಆರ್ಮ್‌ನ ಲೋಹದ ಭಾಗವನ್ನು ಬೆರಳಲ್ಲಿ ಮುಟ್ಟಿ. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಗ್ರೌಂಡ್ ದಾರಿ ಎಲ್ಲೋ ತುಂಡಾಗಿದೆ. ಮುಟ್ಟಿದರೂ ಬದಲಾಗದಿದ್ದರೆ ಆರ್ಮ್ ಅನ್ನು ಮೇಲಕ್ಕೆತ್ತಿದಂತೆಯೇ ಅಂಚಿನಿಂದ ನಡುವಿನ ಕಡೆಗೆ ಮೆಲ್ಲಗೆ ಸರಿಸಿ. ಒಳಗೆ ಹೋದಂತೆ ಹಮ್ ಏರಿದರೆ ಕಾರ್ಟ್ರಿಜ್ ಮೋಟರ್ ಅಥವಾ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದೊಳಗೆ ಹೋಗುತ್ತಿದೆ ಅಂತ ಅರ್ಥ. ಹೊರಗಿನ ಟ್ರಾನ್ಸ್‌ಫಾರ್ಮರ್ ಆದರೆ ಒಂದು ಮೀಟರ್ ದೂರ ಇಡಿ. ಮೋಟರೇ ಆದರೆ ಬೇರೆ ಬಗೆಯ ಕಾರ್ಟ್ರಿಜ್ ಬೇಕಾಗಬಹುದು.

ಇನ್ನೊಂದು ಪರೀಕ್ಷೆ ಲ್ಯಾಪ್‌ಟಾಪ್‌ನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಚಾರ್ಜರ್ ಮತ್ತು ಪ್ರಿಆಂಪ್ ನಡುವೆ ಗ್ರೌಂಡ್ ಲೂಪ್ ಆಗಿದೆ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಸುತ್ತಾಗಿದೆ), ಇಲ್ಲವೇ ಚಾರ್ಜರ್ ಗಲಾಟೆ ಮಾಡುತ್ತಿದೆ. ಎಲ್ಲವನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದರೆ ಲೂಪ್ ಕಡಿಮೆಯಾಗುತ್ತದೆ. ಆಗಲಿಲ್ಲವೆಂದರೆ ರೆಕಾರ್ಡಿಂಗ್ ಹೊತ್ತಿನಲ್ಲಿ ಬ್ಯಾಟರಿ ಬಳಸಿದರೆ ಆಯಿತು, ಒಂದು ಬದಿ ಇಪ್ಪತ್ತು ನಿಮಿಷ ತಾನೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥಿಂಗ್ ತಂತಿಯೇ ಇಲ್ಲದಿರುವುದುಂಟು. ಅದನ್ನು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಹಮ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವುದು ಕೆಲವರ ರೂಢಿ. ಜೀವಕ್ಕೆ ಅಪಾಯ, ಯಾವ ಹಾಡಿಗೂ ಅದು ಬೇಡ.

ಗುಂಯ್ ಬದಲು ತೀರಾ ಕೆಳಗಿನ ಗುಡುಗುಡು ಇದ್ದು, ಸ್ಪೆಕ್ಟ್ರಂನಲ್ಲಿ 30 ಹರ್ಟ್ಜ್‌ಗಿಂತ ಕೆಳಗೆ ಗುಡ್ಡೆ ಕಂಡರೆ ಅದು ಬೇರಿಂಗ್ ಅಥವಾ ಸೊಟ್ಟಗಾದ ರೆಕಾರ್ಡ್. ಟರ್ನ್‌ಟೇಬಲ್ ಮತ್ತು ಸ್ಪೀಕರ್ ಒಂದೇ ಮೇಜಿನ ಮೇಲಿದ್ದರೂ ಹೀಗಾಗುತ್ತದೆ. ರೆಕಾರ್ಡ್ ಮಾಡುವಾಗ ಸ್ಪೀಕರ್ ಆಫ್ ಇರಲಿ.

ಟಕ್, ಚಟ್, ಕರಕರ

ಇಲ್ಲಿ ಗಡಿಯಾರವೇ ನಿಮ್ಮ ಸಾಧನ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. 45ರ ಇಪಿಗೆ 1.33 ಸೆಕೆಂಡ್. ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಗೆ 0.77. ಎರಡು ಟಕ್‌ಗಳ ನಡುವಿನ ಅಂತರವನ್ನು ಆಡಾಸಿಟಿಯಲ್ಲಿ ಎಳೆದು ಆಯ್ಕೆ ಮಾಡಿ. ಕೆಳಗೆ ಸಮಯ ತೋರಿಸುತ್ತದೆ. ಸರಿಯಾಗಿ 1.8 ಬಂದರೆ ಅದು ರೆಕಾರ್ಡ್ ಮೇಲಿನ ಗೀರು. ಬೇರೇನೂ ಹುಡುಕಬೇಡಿ.

ಅಂತರ ಹೊಂದದಿದ್ದರೆ ಅದೇ ಜಾಗವನ್ನು ಇನ್ನೊಮ್ಮೆ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿ. ಎರಡರಲ್ಲೂ ಚಟ್ ಅದೇ ಅಕ್ಷರದ ಮೇಲೆ ಬಂದರೆ ರೆಕಾರ್ಡ್‌ನಲ್ಲೇ ಇದೆ: ಧೂಳು, ಬೂಷ್ಟು, ಗೀರು. ಜಾಗ ಬದಲಾದರೆ ರೆಕಾರ್ಡ್ ನಿರ್ದೋಷಿ. ಸ್ಥಾಯಿ ವಿದ್ಯುತ್ ಇರಬಹುದು, ಫ್ರಿಜ್ಜಿನ ಕಂಪ್ರೆಸರ್ ಶುರುವಾದ ಕಿಡಿ ಇರಬಹುದು, ಕಂಪ್ಯೂಟರ್ ಇರಬಹುದು. ಈ ಒಂದು ಪರೀಕ್ಷೆಯನ್ನು ಯಾರೂ ಬಿಡಬಾರದು ಅಂತ ನನ್ನ ಆಗ್ರಹ. ಎಷ್ಟೋ ಒಳ್ಳೆಯ ರೆಕಾರ್ಡ್‌ಗಳನ್ನು ಸುಮ್ನೆ ಮತ್ತೆ ಮತ್ತೆ ತೊಳೆಯುತ್ತಾರೆ, ತಪ್ಪು ಇರುವುದು ಯುಎಸ್‌ಬಿ ಪೋರ್ಟ್‌ನಲ್ಲಿ.

ಕಂಪ್ಯೂಟರ್‌ನ ಚಟ್ ನೋಡಿದರೇ ಗೊತ್ತಾಗುತ್ತದೆ. ಅಲೆಯನ್ನು ತುಂಬಾ ಹಿಗ್ಗಿಸಿ. ಗೀರಿನ ಸದ್ದಾದರೆ ಒಂದೆರಡು ಮಿಲಿಸೆಕೆಂಡ್ ಅಲುಗಾಡಿ ಇಳಿಯುತ್ತದೆ, ಅದರ ಆಚೀಚೆ ಹಾಡು ತನ್ನ ಪಾಡಿಗೆ ಮುಂದುವರಿಯುತ್ತದೆ. ಕಂಪ್ಯೂಟರ್ ಡೇಟಾ ಬಿಟ್ಟಿದ್ದರೆ ಅಲೆ ಒಂದು ಕಡೆ ಕತ್ತರಿಸಿದ ಹಾಗೆ ನೆಟ್ಟಗೆ ಬಿದ್ದು, ಬೇರೆ ಎಲ್ಲಿಂದಲೋ ಶುರುವಾಗುತ್ತದೆ. ತಾಳ ಹಾಕಿಕೊಂಡು ಕೇಳಿದರೆ ಅಲ್ಲಿ ಚೂರು ಹೊತ್ತು ಮಾಯವಾದದ್ದೂ ಗೊತ್ತಾಗುತ್ತದೆ. ಆಡಾಸಿಟಿಯ ರೆಕಾರ್ಡಿಂಗ್ ಪ್ರಿಫರೆನ್ಸ್‌ನಲ್ಲಿ ಡಿಟೆಕ್ಟ್ ಡ್ರಾಪೌಟ್ಸ್ ಅನ್ನುವುದನ್ನು ಆನ್ ಇಟ್ಟರೆ ಅದೇ ಗುರುತು ಹಾಕಿ ಕೊಡುತ್ತದೆ. ಪರಿಹಾರ: ಹಬ್ ಬಿಟ್ಟು ನೇರ ಪೋರ್ಟ್‌ಗೆ ಜೋಡಿಸಿ, ಬ್ರೌಸರ್ ಮುಚ್ಚಿ, ವೈಫೈ ಆಫ್ ಮಾಡಿ, ಪವರ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ನಿದ್ದೆಗೆ ಹೋಗುವುದನ್ನು ತಪ್ಪಿಸಿ. ಡಿಸ್ಕ್ ನಿಧಾನವಾಗಿದ್ದರೆ 24 ಬಿಟ್, 96 ಕಿಲೋಹರ್ಟ್ಜ್ (ಸದ್ದನ್ನು ಎಷ್ಟು ಸೂಕ್ಷ್ಮವಾಗಿ, ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯಬೇಕು ಅನ್ನುವ ಸಂಖ್ಯೆಗಳು) ಹಟ ಬಿಡಿ. ಅದು ನಿಮಿಷಕ್ಕೆ ಸುಮಾರು 35 ಎಂಬಿ ಬರೆಯುತ್ತದೆ. 16 ಬಿಟ್, 44.1 ಕಿಲೋಹರ್ಟ್ಜ್ ಆದರೆ 10.6 ಎಂಬಿ ಸಾಕು.

ರೆಕಾರ್ಡ್‌ನದೇ ಕರಕರ ಆದರೆ ತೊಳೆಯಿರಿ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ರೆಕಾರ್ಡ್‌ಗಳಲ್ಲಿ ಬಿಳಿ ಮಚ್ಚೆಯಂತೆ ಬೂಷ್ಟು ಇದ್ದೇ ಇರುತ್ತದೆ. ಅದು ಸುತ್ತಿನ ಒಂದೇ ಭಾಗದಲ್ಲಿ ಜಾಸ್ತಿಯಾಗಿ, ಕರಕರ ಏರಿ ಇಳಿದು ಕೇಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಸೇರಿಸಿ, ಮೈಕ್ರೊಫೈಬರ್ ಬಟ್ಟೆಯಲ್ಲಿ ಗ್ರೂವ್‌ನ ದಿಕ್ಕಿನಲ್ಲೇ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ಒರೆಸಿ, ನಿಲ್ಲಿಸಿ ಒಣಗಿಸಿ. ನಡುವಿನ ಲೇಬಲ್ ಒದ್ದೆಯಾಗಬಾರದು. ನಲ್ಲಿ ನೀರು ಬೇಡ, ಅದರ ಉಪ್ಪು ಗ್ರೂವ್‌ನಲ್ಲೇ ಉಳಿಯುತ್ತದೆ.

ಒಂದು ಎಚ್ಚರಿಕೆ. 78ರ ತಟ್ಟೆಗೆ ಸ್ಪಿರಿಟ್, ಸ್ಯಾನಿಟೈಸರ್ ಸೋಂಕಿಸಲೇಬೇಡಿ. ಅವು ಅರಗಿನಿಂದ ಮಾಡಿದ ಶೆಲ್ಯಾಕ್ ತಟ್ಟೆಗಳು. ಶೆಲ್ಯಾಕ್ ಆಲ್ಕೊಹಾಲ್‌ನಲ್ಲಿ ಕರಗುತ್ತದೆ. ಒಂದೇ ಸಲ ಒರೆಸಿದರೂ ಗ್ರೂವ್ ಹೋಗುತ್ತದೆ, ಮರಳಿ ಬರುವುದಿಲ್ಲ.

ಶ್ರುತಿ ತಪ್ಪಿದೆ, ಹಾಡು ಎಳೆದ ಹಾಗಿದೆ

ಹಾಡಿನ ಶ್ರುತಿ ನಮ್ಮ ಕಿವಿಗೆ ಬೇಗ ತಟ್ಟುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಯನ್ನು ವರ್ಷಗಟ್ಟಲೆ ಕೇಳಿದವರಿಗೆ ಅರ್ಧ ಸ್ವರ ಇಳಿದರೂ ಬೇರೆ ಯಾರೋ ಹಾಡಿದಂತೆ ಅನಿಸುತ್ತದೆ. ಆದರೆ ಅನಿಸಿಕೆ ಸಾಲದು, ಅಳೆಯಬೇಕು.

ಅಳೆಯಲು ರೆಕಾರ್ಡ್‌ನ ಕೊನೆಯ ಗ್ರೂವ್ ಬಳಸಿ. ಬದಿ ಮುಗಿದ ಮೇಲೆ ಸೂಜಿ ಒಂದೇ ಸುತ್ತಿನಲ್ಲಿ ಸಿಕ್ಕಿಕೊಂಡು ಟಕ್... ಟಕ್... ಅನ್ನುತ್ತದೆ ಅಲ್ವಾ, ಅದೇ. ಹತ್ತು ಸುತ್ತು ರೆಕಾರ್ಡ್ ಮಾಡಿ ಸಮಯ ನೋಡಿ. ಎಲ್‌ಪಿಯಲ್ಲಿ ಸರಿಯಾಗಿ 18 ಸೆಕೆಂಡ್ ಇರಬೇಕು. 45ರಲ್ಲಿ 13.3. ಆರ್ಮ್ ತಾನಾಗಿ ಮರಳುವ ಟರ್ನ್‌ಟೇಬಲ್ ಆದರೆ ಗೀರಿರುವ ಯಾವುದಾದರೂ ಹಳೆಯ ರೆಕಾರ್ಡ್ ಹಾಕಿ ಅದರ ಟಕ್ ಎಣಿಸಿ.

18ರ ಬದಲು 18.2, 18.4 ಬಂದರೆ ಬೆಲ್ಟ್ ಸಡಿಲವಾಗಿದೆ ಅಥವಾ ವೇಗದ ಸ್ಕ್ರೂ ತಿರುಗಿಸಬೇಕಿದೆ. ಬೆಲ್ಟ್ ರಬ್ಬರ್ ವಸ್ತು, ವರ್ಷಗಳಾದರೆ ಹಿಗ್ಗುತ್ತದೆ. ಹೊಸದು ಹಾಕಿ.

19.6 ಬಂದರೆ ಟರ್ನ್‌ಟೇಬಲ್ ತಪ್ಪಲ್ಲ. ಇಂಟರ್‌ಫೇಸ್ 48 ಕಿಲೋಹರ್ಟ್ಜ್‌ನಲ್ಲಿ ಕೊಟ್ಟದ್ದನ್ನು ಕಂಪ್ಯೂಟರ್ 44.1 ಅಂತ ತಿಳಿದುಕೊಂಡಿದೆ. ಇಪ್ಪತ್ತು ನಿಮಿಷದ ಬದಿ 21 ನಿಮಿಷ 46 ಸೆಕೆಂಡ್ ಆಗುತ್ತದೆ, ಶ್ರುತಿ ಸುಮಾರು ಒಂದೂವರೆ ಅರ್ಧಸ್ವರ ಇಳಿಯುತ್ತದೆ. ತದ್ವಿರುದ್ಧ ತಪ್ಪಾದರೆ 16.5 ಬರುತ್ತದೆ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್, ಆಡಾಸಿಟಿಯ ಪ್ರಾಜೆಕ್ಟ್ ರೇಟ್, ಇಂಟರ್‌ಫೇಸ್‌ನ ಕಂಟ್ರೋಲ್ ಪ್ಯಾನೆಲ್ ಮೂರರಲ್ಲೂ ಒಂದೇ ಸಂಖ್ಯೆ ಇಡಿ.

21.6 ಬಂದರೆ ನೇರವಾಗಿ ಕೇಳಬೇಕಾದ ಪ್ರಶ್ನೆ: ಈ ಟರ್ನ್‌ಟೇಬಲ್ ಅಮೆರಿಕದಿಂದ ಬಂದದ್ದೇ? ಅಲ್ಲಿಂದ ಮರಳಿದ ಮಗನೋ ಮಗಳೋ ತಂದ ಹಳೆಯ ಮೆಷಿನ್‌ಗಳಲ್ಲಿ ಇದು ತುಂಬಾ ಕಾಣುತ್ತದೆ. ಅಲ್ಲಿಯ ಕರೆಂಟು 60 ಹರ್ಟ್ಜ್, ನಮ್ಮದು 50. ಕರೆಂಟಿನ ಲಯಕ್ಕೆ ತಿರುಗುವ ಸಿಂಕ್ರೊನಸ್ ಮೋಟರ್ ಇದ್ದರೆ ಅದು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ಓಡುತ್ತದೆ. 33⅓ ಇರಬೇಕಾದದ್ದು 27.8 ಆಗುತ್ತದೆ. ಶ್ರುತಿ ಮೂರು ಅರ್ಧಸ್ವರಕ್ಕೂ ಜಾಸ್ತಿ ಇಳಿಯುತ್ತದೆ, ಗಂಗೂಬಾಯಿ ಹಾನಗಲ್ಲರ ಗಂಭೀರ ಧ್ವನಿ ಇನ್ನೂ ಆಳಕ್ಕೆ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ದೇವಲ್ಲ ಅಂತ ಅನೇಕರು ಹೇಳುತ್ತಾರೆ. ಅದು 230 ವೋಲ್ಟನ್ನು 110 ಮಾಡುತ್ತದೆ, ಹರ್ಟ್ಜ್ ಮಾತ್ರ 50 ಆಗಿಯೇ ಉಳಿಯುತ್ತದೆ.

ಇಲ್ಲಿ ಒಂದು ಮೋಸದ ಜಾಗ ಇದೆ. ಮೆಷಿನ್ ಜೊತೆಗೆ ಅಲ್ಲಿಯದೇ ಸ್ಟ್ರೋಬ್ ತಟ್ಟೆ (ವೇಗ ಸರಿಯಿದ್ದರೆ ಬಲ್ಬಿನ ಬೆಳಕಲ್ಲಿ ಗೆರೆಗಳು ನಿಂತಂತೆ ಕಾಣುವ ತಟ್ಟೆ) ಬಂದಿದ್ದರೆ ಅದನ್ನು ನಂಬಬೇಡಿ. 60 ಹರ್ಟ್ಜ್‌ನ ಸ್ಟ್ರೋಬ್‌ನಲ್ಲಿ 33⅓ಕ್ಕೆ 216 ಗೆರೆ ಇರುತ್ತವೆ. ನಮ್ಮ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಆ ಬೆಳಕಲ್ಲಿ 216 ಗೆರೆ ನಿಂತಂತೆ ಕಾಣುವುದು 27.8ರ ವೇಗದಲ್ಲೇ! ಮೋಟರ್ ತಪ್ಪಿದಷ್ಟೇ ಸ್ಟ್ರೋಬ್ ಕೂಡ ತಪ್ಪುವುದರಿಂದ ಎಲ್ಲ ಸರಿಯಿದೆ ಅಂತ ಕಾಣುತ್ತದೆ. ನಮಗೆ ಬೇಕಾದದ್ದು 180 ಗೆರೆಯ ಸಾಲು. ಅನೇಕ ಎಲ್‌ಇಡಿ ಬಲ್ಬ್‌ಗಳು ಹಾಗೆ ಮಿನುಗುವುದೇ ಇಲ್ಲ, ಅವುಗಳ ಕೆಳಗೆ ಗೆರೆಗಳು ಬರೀ ಮಸುಕಾಗಿ ಕಾಣುತ್ತವೆ. ಇದಕ್ಕೇ ನಾನು ಸ್ಟ್ರೋಬ್‌ಗಿಂತ ಹತ್ತು ಸುತ್ತಿನ ಲೆಕ್ಕವನ್ನು ನಂಬುತ್ತೇನೆ.

ಪರಿಹಾರ ಮೋಟರ್‌ಗೆ 50 ಹರ್ಟ್ಜ್‌ನ ಪುಲ್ಲಿ (ಬೆಲ್ಟ್ ಓಡಿಸುವ ಸಣ್ಣ ಗಾಲಿ) ಹಾಕುವುದು. ಸಿಗದಿದ್ದರೆ ಹಾಗೇ ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ ವೇಗ ಬದಲಿಸುವ ಎಫೆಕ್ಟ್‌ನಲ್ಲಿ 20 ಪರ್ಸೆಂಟ್ ಏರಿಸಿ. ಶ್ರುತಿ ಕೂರುತ್ತದೆ. ಈಕ್ವಲೈಜೇಷನ್ ಕೊಂಚ ಸರಿದಿರುತ್ತದೆ, ಆದ್ದರಿಂದ ಪುಲ್ಲಿಯೇ ಉತ್ತಮ. ಡಿಸಿ ಮೋಟರ್ ಅಥವಾ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಇರುವವರಿಗೆ ಈ ತಾಪತ್ರಯವಿಲ್ಲ.

ಸರಾಸರಿ ವೇಗ ಸರಿಯಿದ್ದು ಸ್ವರ ಮಾತ್ರ ಅಲೆಯಾಡುತ್ತಿದ್ದರೆ ತಂಬೂರಿ ಇರುವ ಜಾಗ ಕೇಳಿ. ತಂಬೂರಿ 1.8 ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಹೋಗುತ್ತಿದ್ದರೆ ರೆಕಾರ್ಡ್‌ನ ತೂತು ನಡುವಿಗಿಲ್ಲ. ಆಡುವಾಗ ಟೋನ್ ಆರ್ಮ್ ಎಡಬಲ ತೂಗುವುದು ಕಣ್ಣಿಗೇ ಕಾಣುತ್ತದೆ. ತೂತು ಸವೆದು ದೊಡ್ಡದಾಗಿದ್ದರೆ ತಟ್ಟೆಯನ್ನು ಚೂರು ಸರಿಸಿ, ಆರ್ಮ್ ತೂಗುವುದು ನಿಲ್ಲುವ ಜಾಗ ಹುಡುಕಿ.

ತೆಳು, ಅಥವಾ ತೀರಾ ದಪ್ಪ

ಎಲ್‌ಪಿ ತಯಾರಿಸಲು ಗ್ರೂವ್ ಕೊರೆಯುವಾಗ ಕೆಳಸ್ವರ ಇಳಿಸಿ ಮೇಲುಸ್ವರ ಏರಿಸಿರುತ್ತಾರೆ, ನುಡಿಸುವಾಗ ಫೋನೊ ಪ್ರಿಆಂಪ್ ಅದನ್ನು ತಿರುಗಿಸಿ ಸರಿಮಾಡಬೇಕು. ಇದೇ ಆರ್‌ಐಎಎ ಕರ್ವ್, 1950ರ ದಶಕದ ನಡುವಿನಿಂದ ಎಲ್ಲೆಡೆ ನಡೆದುಬಂದದ್ದು. ಸದ್ದು ಸಣ್ಣಗೆ, ಕೀರಲಾಗಿ, ಮೃದಂಗದ ಎಡಗೈ ಕೇಳದಂತೆ ಇದ್ದರೆ ಈ ಹಂತ ತಪ್ಪಿಹೋಗಿದೆ. ಸದ್ದು ಗುಮ್ಮೆಂದು, ಒಡೆದು, ತುಂಬಾ ಜೋರಾಗಿ ಬಂದರೆ ಎರಡು ಸಲ ಆಗಿದೆ. ಅನೇಕ ಟರ್ನ್‌ಟೇಬಲ್‌ಗಳ ಹಿಂದೆ ಫೋನೊ, ಲೈನ್ ಅಂತ ಒಂದು ಸ್ವಿಚ್ ಇರುತ್ತದೆ. ಲೈನ್‌ನಲ್ಲಿಟ್ಟರೆ ಒಳಗಿನ ಪ್ರಿಆಂಪ್ ಕೆಲಸ ಮಾಡುತ್ತದೆ, ಆಗ ಹೊರಗೆ ಮತ್ತೊಂದು ಬೇಡ. ಅಷ್ಟೇ.

ಒಡೆದ ಸದ್ದು

ಒಡೆದ ಜಾಗದ ಅಲೆಯನ್ನು ಹಿಗ್ಗಿಸಿ ನೋಡಿ. ತಲೆ ಕತ್ತರಿಸಿದಂತೆ ಸಪಾಟಾಗಿದ್ದು ಅದು ಸರಿಯಾಗಿ ಮೇಲಿನ ಮಿತಿಗೇ ತಾಗಿದ್ದರೆ ಇನ್‌ಪುಟ್ ಮಟ್ಟ ಜಾಸ್ತಿ. ಇಳಿಸಿ ಮತ್ತೆ ರೆಕಾರ್ಡ್ ಮಾಡಿ. ಅತಿ ಜೋರಾದ ಜಾಗ ಮೈನಸ್ 6 ಡೆಸಿಬೆಲ್ ಹತ್ತಿರ ಇದ್ದರೆ ಸಾಕು. 16 ಬಿಟ್‌ನಲ್ಲಿ ಅತಿ ಸಣ್ಣ ಸದ್ದಿನಿಂದ ಅತಿ ಜೋರಿನವರೆಗೆ 96 ಡೆಸಿಬೆಲ್ ಜಾಗ ಇರುತ್ತದೆ, ರೆಕಾರ್ಡ್‌ಗೆ ಅಷ್ಟು ಬೇಕಾಗುವುದೇ ಇಲ್ಲ. ಹಾಗಾಗಿ ಮೀಟರ್ ತುಂಬಿಸುವ ಆತುರ ಬೇಡ.

ತಲೆ ಸಪಾಟಾಗಿದೆ, ಆದರೆ ಮಿತಿಗಿಂತ ಕೆಳಗೇ ನಿಂತಿದೆ. ಇದು ಬೇರೆ ಕಾಯಿಲೆ. ಕಂಪ್ಯೂಟರ್ ತಲುಪುವ ಮೊದಲೇ ಎಲ್ಲೋ ಒಡೆದಿದೆ, ಹೆಚ್ಚಾಗಿ ಲೈನ್ ಮಟ್ಟದ ಸದ್ದನ್ನು ಲ್ಯಾಪ್‌ಟಾಪ್‌ನ ಮೈಕ್ ಜ್ಯಾಕ್‌ಗೆ ಕೊಟ್ಟಾಗ. ಆಡಾಸಿಟಿಯ ಸ್ಲೈಡರ್ ಎಷ್ಟು ಇಳಿಸಿದರೂ ಸಪಾಟು ಹಾಗೇ ಸಣ್ಣದಾಗುತ್ತದೆ, ಸರಿಹೋಗುವುದಿಲ್ಲ. ಮೈಕ್ ಜ್ಯಾಕ್ ಈ ಕೆಲಸಕ್ಕೆ ಆಗದು. ಈಗಿನ ಲ್ಯಾಪ್‌ಟಾಪ್‌ಗಳ ಹೆಡ್‌ಸೆಟ್ ಜ್ಯಾಕ್‌ನಲ್ಲಿ ಮೈಕ್ ದಾರಿ ಮೋನೊ, ಅಂದರೆ ಒಂದೇ ಚಾನೆಲ್. ಲೈನ್ ಇನ್‌ಪುಟ್ ಇರುವ ಸಾಧಾರಣ ಯುಎಸ್‌ಬಿ ಇಂಟರ್‌ಫೇಸ್ ಕೊಂಡರೆ ಅರ್ಧ ದೋಷಗಳು ಅಲ್ಲಿಗೇ ಮುಗಿಯುತ್ತವೆ.

ಅಲೆ ಸರಿಯಾಗಿಯೇ ಇದ್ದು, ಸ, ಶ ಅಕ್ಷರಗಳು ಮಾತ್ರ ಉಗುಳಿದಂತೆ ಕೇಳುತ್ತಿದ್ದರೆ ಸೂಜಿ ನೋಡಿ. ಬದಿಯ ಕೊನೆಯ ಹಾಡಿನಲ್ಲಿ ಮಾತ್ರ ಜಾಸ್ತಿಯೇ? ಅದಕ್ಕೆ ಕಾರಣವಿದೆ. ಹೊರ ಅಂಚಿನಲ್ಲಿ ಗ್ರೂವ್ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಓಡುತ್ತದೆ, ಒಳಗೆ 20 ಸೆಂಟಿಮೀಟರ್ ಅಷ್ಟೇ. ಅದೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತದೆ. ಕಾರ್ಟ್ರಿಜ್ ಸೊಟ್ಟಗಿದ್ದರೆ, ಭಾರ ಕಡಿಮೆಯಿದ್ದರೆ ಅಲ್ಲಿ ಮೊದಲು ಗೊತ್ತಾಗುತ್ತದೆ. ಭಾರ ಕಡಿಮೆ ಇದ್ದರೆ ರೆಕಾರ್ಡ್ ಸವೆಯುವುದಿಲ್ಲ ಅನ್ನುವ ನಂಬಿಕೆ ಬೇಡ, ಎಗರುವ ಸೂಜಿಯೇ ಗ್ರೂವ್‌ನ ಗೋಡೆ ಕೆಡಿಸುತ್ತದೆ. ತಯಾರಕರು ಹೇಳಿದಷ್ಟು ಗ್ರಾಂ ಇಡಿ. ವಜ್ರದ ಸೂಜಿಯಾದರೂ ಕೆಲವು ನೂರು ಗಂಟೆಗಳಲ್ಲಿ ಸವೆಯುತ್ತದೆ. ಎಷ್ಟು ಓಡಿದೆ ಅಂತಲೇ ಗೊತ್ತಿಲ್ಲದ ಸೂಜಿಯನ್ನು ಅಜ್ಜನ ಕಾಲದ ರೆಕಾರ್ಡ್ ಮೇಲೆ ಇಡಬಾರದು. ಹೊಸ ಸೂಜಿಯ ಬೆಲೆ ಆ ರೆಕಾರ್ಡ್‌ಗಿಂತ ದೊಡ್ಡದಲ್ಲ.

ಒಂದೇ ಕಿವಿಗೆ, ಅಥವಾ ಟೊಳ್ಳಾಗಿ

ಒಂದು ಚಾನೆಲ್ ಸತ್ತಿದ್ದರೆ ಇಂಟರ್‌ಫೇಸ್ ಬಳಿ ಕೆಂಪು, ಬಿಳಿ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಮೌನ ಇನ್ನೊಂದು ಕಡೆಗೆ ಹೋದರೆ ದೋಷ ಟರ್ನ್‌ಟೇಬಲ್ ಕಡೆ, ಅಲ್ಲೇ ಉಳಿದರೆ ಇಂಟರ್‌ಫೇಸ್ ಕಡೆ. ಟರ್ನ್‌ಟೇಬಲ್ ಕಡೆಯಾದರೆ ಕಾರ್ಟ್ರಿಜ್‌ನ ಹಿಂದಿನ ನಾಲ್ಕು ಸಣ್ಣ ತಂತಿ ನೋಡಿ: ಬಿಳಿ ಎಡ, ನೀಲಿ ಎಡದ ಗ್ರೌಂಡ್, ಕೆಂಪು ಬಲ, ಹಸಿರು ಬಲದ ಗ್ರೌಂಡ್.

ಎರಡೂ ಕಡೆ ಕೇಳುತ್ತದೆ, ಆದರೆ ಸ್ಟೀರಿಯೊ ರೆಕಾರ್ಡ್ ಕೂಡ ಮೋನೊ ಆಗಿದೆ ಅಂದರೆ ವಿಂಡೋಸ್ ನೋಡಿ. ಯುಎಸ್‌ಬಿ ಟರ್ನ್‌ಟೇಬಲನ್ನು ಅದು ಮೈಕ್ರೊಫೋನ್ ಅಂತ ತಿಳಿದು ಒಂದೇ ಚಾನೆಲ್ ಕೊಟ್ಟಿರಬಹುದು. ರೆಕಾರ್ಡಿಂಗ್ ಸಾಧನದ ಪ್ರಾಪರ್ಟೀಸ್, ಅಡ್ವಾನ್ಸ್‌ಡ್‌ಗೆ ಹೋಗಿ 2 ಚಾನೆಲ್ ಆಯ್ಕೆ ಮಾಡಿ. ಅಲ್ಲೇ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ ಇದ್ದರೆ ಆಫ್ ಮಾಡಿ. ಅದು ಮಾತಿಗೆ ಅಂತ ಮಾಡಿದ್ದು, ನಿಧಾನ ಆಲಾಪವನ್ನು ಗದ್ದಲ ಅಂತ ತಿಳಿದು ಅಡಗಿಸಿಬಿಡುತ್ತದೆ.

ಧ್ವನಿ ಟೊಳ್ಳಾಗಿದ್ದು, ಎರಡು ಚಾನೆಲ್ ಕೂಡಿಸಿದರೆ ಗಾಯಕರೇ ಮಾಯವಾದರೆ ಕಾರ್ಟ್ರಿಜ್‌ನ ಒಂದು ಜೋಡಿ ತಂತಿ ತಿರುಗುಮುರುಗಾಗಿದೆ. ತಂತಿ ಸರಿಮಾಡಿ. ಆಗಲೇ ಮಾಡಿದ ಫೈಲ್‌ಗಳಿಗೆ ಒಂದು ಚಾನೆಲನ್ನು ಇನ್ವರ್ಟ್ ಮಾಡಿದರೆ (ಅಲೆಯನ್ನು ತಲೆಕೆಳಗು ಮಾಡಿದರೆ) ಸಾಕು, ಮತ್ತೆ ನುಡಿಸಬೇಕಿಲ್ಲ.

ಮೋನೊ ಇಪಿ ಮತ್ತು 78

ಕೋಲ್ಕತ್ತದ ದಮ್ ದಮ್ ಕಾರ್ಖಾನೆಯಲ್ಲಿ ಒತ್ತಿದ ಹಳೆಯ ಚಿತ್ರಗೀತೆಯ ಇಪಿಗಳಲ್ಲಿ ಅನೇಕವು ಮೋನೊ. ಅವನ್ನೂ ಸ್ಟೀರಿಯೊ ಆಗಿಯೇ ರೆಕಾರ್ಡ್ ಮಾಡಿ, ಆಮೇಲೆ ಕೂಡಿಸಿ. ಮೋನೊ ಹಾಡು ಇರುವುದು ಗ್ರೂವ್‌ನ ಎಡಬಲ ಓಲಾಟದಲ್ಲಿ ಮಾತ್ರ. ಸೂಜಿ ಮೇಲೆ ಕೆಳಗೆ ಕುಣಿಯುವುದೆಲ್ಲ ಗದ್ದಲ. ಕೂಡಿಸಿದಾಗ ಆ ಭಾಗ ತಾನಾಗಿ ಕಳೆದುಹೋಗುತ್ತದೆ, ಯಾವ ಫಿಲ್ಟರೂ ಬೇಡ. ಆದರೆ ಕೂಡಿಸುವ ಮೊದಲು ಎಡ, ಬಲ ಬೇರೆಬೇರೆಯಾಗಿ ಕೇಳಿ. ಗ್ರೂವ್‌ನ ಒಂದು ಗೋಡೆ ಜಾಸ್ತಿ ಸವೆದಿದ್ದರೆ ಇನ್ನೊಂದು ಚಾನೆಲನ್ನು ಮಾತ್ರ ಇಟ್ಟುಕೊಳ್ಳುವುದೇ ಒಳ್ಳೆಯದು.

78ರ ಗ್ರೂವ್ ಅಗಲ. ಎಲ್‌ಪಿ ಸೂಜಿಯ ತುದಿ ಸುಮಾರು 18 ಮೈಕ್ರಾನ್, 78ಕ್ಕೆ ಬೇಕಾದದ್ದು 70ರ ಆಸುಪಾಸು. ಎಲ್‌ಪಿ ಸೂಜಿ ಇಟ್ಟರೆ ಅದು ಗ್ರೂವ್‌ನ ತಳದಲ್ಲಿ ಕಸದ ಮೇಲೆ ಓಡುತ್ತದೆ. ಚೌಡಯ್ಯನವರ ಪಿಟೀಲಿನ 78 ಬರೀ ಮರಳು ಸುರಿದಂತೆ ಕೇಳಿಸಿದರೆ ತಟ್ಟೆ ಹೋಯಿತು ಅಂತ ತೀರ್ಮಾನಿಸುವ ಮೊದಲು 78ರ ಸೂಜಿ ಹಾಕಿ ನೋಡಿ. ಮೆಷಿನ್‌ನಲ್ಲಿ 78ರ ವೇಗ ಇಲ್ಲದಿದ್ದರೆ 45ರಲ್ಲಿ ನುಡಿಸಿ. ಆಡಾಸಿಟಿಯ ವೇಗ ಬದಲಿಸುವ ಎಫೆಕ್ಟ್‌ನಲ್ಲಿ 45ರಿಂದ 78 ಅಂತ ಆಯ್ಕೆಯೇ ಇದೆ.

ಕೊನೆಗೆ ಫಿಲ್ಟರ್, ಮತ್ತು ಫಿಲ್ಟರ್ ತರುವ ದೋಷ

ಈ ಎಲ್ಲ ಆದ ಮೇಲೆ ಉಳಿದ ಚಟ್ ಸದ್ದಿಗೆ ಕ್ಲಿಕ್ ರಿಮೂವಲ್, ಹಿಸ್ ಅನ್ನುವ ಸುಸ್ ಸದ್ದಿಗೆ ನಾಯ್ಸ್ ರಿಡಕ್ಷನ್ ಬಳಸಬಹುದು. ನಮ್ಮ ಸಂಗೀತಕ್ಕೆ ಎರಡರಲ್ಲೂ ಅಪಾಯವಿದೆ. ಕ್ಲಿಕ್ ರಿಮೂವಲ್‌ಗೆ ಘಟದ ಪೆಟ್ಟು, ತಬಲಾದ ಚಾಟಿ ಕೂಡ ಕ್ಲಿಕ್ ಅಂತಲೇ ಕಾಣುತ್ತದೆ. ತನಿ ಆವರ್ತನ ಮಂಕಾಗಿ ಕೇಳಿದರೆ ಅದು ಫಿಲ್ಟರ್‌ನ ಕೆಲಸ. ದೊಡ್ಡ ಗೀರುಗಳನ್ನು ಒಂದೊಂದಾಗಿ ಆಯ್ಕೆ ಮಾಡಿ ರಿಪೇರ್ ಎಫೆಕ್ಟ್ ಕೊಡಿ, ಪೂರ್ತಿ ಹಾಡಿಗೆ ಹಾಕಬೇಡಿ.

ನಾಯ್ಸ್ ರಿಡಕ್ಷನ್‌ಗೆ ಮಾದರಿ ಕೊಡುವಾಗ ಇನ್ನೂ ಎಚ್ಚರ ಬೇಕು. ಗಾಯಕರು ಹಾಡು ಶುರುಮಾಡುವ ಮೊದಲಿನ ಜಾಗ ಖಾಲಿ ಅಂತ ಅನಿಸುತ್ತದೆ. ಆದರೆ ಅಲ್ಲಿ ತಂಬೂರಿ ಇರುತ್ತದೆ. ಅದನ್ನು ಮಾದರಿಯಾಗಿ ಕೊಟ್ಟರೆ ಫಿಲ್ಟರ್ ಇಡೀ ಕಛೇರಿಯಿಂದ ತಂಬೂರಿಯನ್ನೇ ಅಳಿಸಲು ಹೊರಡುತ್ತದೆ. ಸ್ವರಗಳು ನೀರೊಳಗಿಂದ ಬಂದಂತೆ ಕೇಳುತ್ತವೆ. ತಂಬೂರಿಯೂ ಶುರುವಾಗುವ ಮುಂಚಿನ ಆ ಒಂದೆರಡು ಸೆಕೆಂಡ್ ಬರೀ ಗ್ರೂವ್ ಸದ್ದನ್ನೇ ಆಯ್ಕೆ ಮಾಡಿ. ಇಳಿಕೆಯನ್ನು 6 ಡೆಸಿಬೆಲ್‌ಗೆ ನಿಲ್ಲಿಸಿ. ಆಮೇಲೆ ರೆಸಿಡ್ಯೂ ಅನ್ನುವ ಆಯ್ಕೆ ಒತ್ತಿ, ಫಿಲ್ಟರ್ ಏನನ್ನು ಎಸೆಯುತ್ತಿದೆ ಅಂತ ಕೇಳಿ. ಎಸೆಯುವ ಸದ್ದಿನಲ್ಲಿ ಹಾಡಿನ ಎಳೆ ಕೇಳಿಸಿದರೆ ಇನ್ನೂ ಇಳಿಸಬೇಕು.

ಫಿಲ್ಟರ್ ಮುಟ್ಟದ ಮೂಲ ರೆಕಾರ್ಡಿಂಗನ್ನು ಬೇರೆಯಾಗಿ ಫ್ಲ್ಯಾಕ್ (ಸದ್ದಿನ ಗುಣ ಕೆಡಿಸದೆ ಕುಗ್ಗಿಸುವ ಫೈಲ್) ಆಗಿ ಇಡಿ. ಆಡಾಸಿಟಿಯಲ್ಲಿ ಸರಿಯಿದ್ದ ಹಾಡು ಎಂಪಿ3 ಮಾಡಿದ ಮೇಲೆ ಜೋರಾದ ಕಡೆ ಒಡೆದರೆ, ಎಂಪಿ3 ಮಾಡುವಾಗ ಅಲೆಯ ತುದಿಗಳು ಚೂರು ಮೇಲೇಳುತ್ತವೆ ಅನ್ನುವುದು ಕಾರಣ. ನಾರ್ಮಲೈಜ್‌ನಲ್ಲಿ ಸೊನ್ನೆಯ ಬದಲು ಮೈನಸ್ 1 ಡೆಸಿಬೆಲ್ ಇಟ್ಟು, ಡಿಸಿ ಆಫ್‌ಸೆಟ್ (ಅಲೆ ನಡುಗೆರೆಯಿಂದ ಸರಿದಿರುವುದು) ತೆಗೆಯುವ ಆಯ್ಕೆಯನ್ನೂ ಆನ್ ಮಾಡಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ.